ಕಾಡಿನ ರಸ್ತೆಬದಿಯಲ್ಲಿ ಟೆಂಟ್ ಹಾಕಲು ಜಾಗ ಹುಡುಕುವುದು ಹೇಗೆ?

ಪ್ರಶ್ನೆ: ನಾವು ಅರಿಜೋನಾದ ಚಾಂಡ್ಲರ್‌ನಲ್ಲಿದ್ದೇವೆ. ದಾವಣಗೆರೆಯಿಂದ ಅತ್ತೆ, ಮಾವ ಬಂದಿದ್ದಾರೆ. ಜೂನ್‌ನಲ್ಲಿ ಅವರಿಗೆ ಗ್ರ್ಯಾಂಡ್ ಕ್ಯಾನಿಯನ್ ತೋರಿಸಬೇಕು. ಪಾರ್ಕಿನೊಳಗಿನ ಕ್ಯಾಂಪ್‌ಗ್ರೌಂಡ್‌ಗಳು ತುಂಬಿಹೋಗಿವೆ, ಹೋಟೆಲ್ ದರ ಕೈಗೆಟುಕುವುದಿಲ್ಲ. ‘ನ್ಯಾಷನಲ್ ಫಾರೆಸ್ಟ್‌ನಲ್ಲಿ ಎಲ್ಲಿ ಬೇಕಾದರೂ ಕಾರು ನಿಲ್ಲಿಸಿ ಟೆಂಟ್ ಹಾಕಬಹುದು, ದುಡ್ಡು ಕೊಡಬೇಕಿಲ್ಲ’ ಎಂದು ಸ್ನೇಹಿತರು ಹೇಳಿದರು. ಪರೀಕ್ಷಿಸಿ ನೋಡೋಣವೆಂದು ಹೋದ ತಿಂಗಳು ನಾನು, ನನ್ನ ಗಂಡ, ಏಳು ವರ್ಷದ ಮಗಳು ಹೋಗಿದ್ದೆವು. ಒಂದು ಆ್ಯಪ್ ತೋರಿಸಿದ ಗುರುತು ಹಿಡಿದು ಫ್ಲಾಗ್‌ಸ್ಟಾಫ್ ಹತ್ತಿರ ಮಣ್ಣು ರಸ್ತೆಗೆ ಇಳಿಯುವಷ್ಟರಲ್ಲಿ ಕತ್ತಲಾಗಿತ್ತು. ಎರಡು ಮೈಲಿ ಹೋದ ಮೇಲೆ ಬೀಗ ಹಾಕಿದ ಗೇಟು ಎದುರಾಯಿತು. ನಮ್ಮದು ಸೆಡಾನ್ ಕಾರು, ತಿರುಗಿಸಲು ಜಾಗವಿರಲಿಲ್ಲ. ಅಷ್ಟರಲ್ಲಿ ಮರಗಳ ಹಿಂದೆ ಒಂದು ಪಿಕಪ್ ಟ್ರಕ್ಕಿನ ದೀಪ ಹೊತ್ತಿಕೊಂಡಿತು. ಹೆದರಿ ಹಿಮ್ಮುಖವಾಗಿಯೇ ಕಾರು ತೆಗೆದುಕೊಂಡು ಬಂದು ಹೋಟೆಲ್ ಸೇರಿದೆವು. ಇದು ನಿಜವಾಗಿಯೂ ಕಾನೂನುಬದ್ಧವೇ? ನಮ್ಮಂಥವರಿಗೆ ಸುರಕ್ಷಿತವೇ? ವೀಸಾದಲ್ಲಿರುವವರಿಗೆ ದಂಡ ಬಿದ್ದರೆ ಏನಾಗುತ್ತದೆ? ಹಿರಿಯರನ್ನು ಶೌಚಾಲಯವಿಲ್ಲದ ಕಡೆ ಕರೆದುಕೊಂಡು ಹೋಗಬಹುದೇ? ರಾತ್ರಿ ಅಲ್ಲಿ ಏನು ಕೂಗುತ್ತದೆ ಎಂದು ಮಗಳು ಈಗಲೂ ಕೇಳುತ್ತಿದ್ದಾಳೆ.

ಉತ್ತರ: ಆ ರಾತ್ರಿ ನೀವು ವಾಪಸ್ಸು ಬಂದದ್ದೇ ಸರಿ. ಉತ್ತರ ಅರಿಜೋನಾದ ಕಾಡುಗಳಿಗೆ ಕುಟುಂಬಗಳನ್ನು ಕರೆದೊಯ್ಯುವುದು ಹಲವು ವರ್ಷಗಳಿಂದ ನನ್ನ ವೃತ್ತಿ. ಮೊದಲ ಸಲ ಹೋದವರ ಪಾಡು ಹೆಚ್ಚುಕಡಿಮೆ ನಿಮ್ಮ ಪತ್ರದಂತೆಯೇ ಇರುತ್ತದೆ: ಆ್ಯಪ್‌ನ ಗುರುತು, ಕತ್ತಲು, ಗೇಟು, ದೀಪ. ನಾಲ್ಕರಲ್ಲಿ ಮೂರನ್ನು ಮನೆಯಲ್ಲಿ ಕುಳಿತೇ ತಪ್ಪಿಸಬಹುದಿತ್ತು. ನಾಲ್ಕನೆಯದಾದ ಆ ದೀಪ ಬಹುಮಟ್ಟಿಗೆ ನಿಮ್ಮಂತೆಯೇ ಟೆಂಟ್ ಹಾಕಲು ಬಂದ ಇನ್ನೊಬ್ಬರದ್ದು. ಕತ್ತಲಲ್ಲಿ ತಮ್ಮ ಬಿಡಾರದ ಕಡೆ ಕಾರೊಂದು ಬರುವುದನ್ನು ಕಂಡು ಅವರೂ ಗಾಬರಿಯಾಗಿರುತ್ತಾರೆ.

ನಿಮ್ಮ ಪತ್ರದಲ್ಲಿ ಕಾನೂನಿನ ಭಯ, ಮನುಷ್ಯರ ಭಯ, ಕಾಡಿನ ಭಯ ಮೂರೂ ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡೋಣ.

ಕಾನೂನಿನ ಭಯದ ಬೇರು ನಮ್ಮ ಊರಿನಲ್ಲಿದೆ. ಮೀಸಲು ಅರಣ್ಯದ ಅಂಚಿನಲ್ಲಿ ‘ಪ್ರವೇಶ ನಿಷೇಧಿಸಿದೆ’ ಎಂಬ ಫಲಕ ಓದಿ ಬೆಳೆದವರು ನಾವು. ಕುದುರೆಮುಖ ಹತ್ತಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು, ಮೇಲೆ ರಾತ್ರಿ ಉಳಿಯುವಂತಿಲ್ಲ. ಹಾಗಾಗಿ ಕಾಡಿನಲ್ಲಿ ಯಾರನ್ನೂ ಕೇಳದೆ ಮಲಗುವುದೆಂದರೆ ಕಳ್ಳತನ ಮಾಡಿದಂತೆ ಎದೆ ಹೊಡೆದುಕೊಳ್ಳುತ್ತದೆ. ಅಮೆರಿಕದಲ್ಲಿ ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಪಾರ್ಕುಗಳು 1916ರಲ್ಲಿ ಶುರುವಾದ ಪಾರ್ಕ್ ಸರ್ವಿಸ್‌ನ ಕೈಯಲ್ಲಿವೆ. ಇದ್ದದ್ದನ್ನು ಇದ್ದ ಹಾಗೆ ಕಾಪಾಡುವುದು ಅವರ ಮೊದಲ ಕೆಲಸ. ಫಾರೆಸ್ಟ್‌ಗಳನ್ನು ನೋಡಿಕೊಳ್ಳುವುದು 1905ರಲ್ಲಿ ಹುಟ್ಟಿದ ಫಾರೆಸ್ಟ್ ಸರ್ವಿಸ್. ಅದು ಇಂದಿಗೂ ಕೃಷಿ ಇಲಾಖೆಯ ಅಡಿಯಲ್ಲಿದೆ. ಮರ ಕಡಿಯುವುದು, ದನ ಮೇಯಿಸುವುದು, ಬೇಟೆ, ಜನರ ವಿಹಾರ ಎಲ್ಲವೂ ಅಲ್ಲಿ ನಿಯಮದೊಳಗೆ ನಡೆಯುತ್ತವೆ. ಬೆಳಿಗ್ಗೆ ಟೆಂಟ್ ಜಿಪ್ ತೆರೆದರೆ ಎದುರಿಗೆ ದನಗಳ ಹಿಂಡು ನಿಂತಿರುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಆ ಕಾಡಿನಲ್ಲಿ ವ್ಯವಸ್ಥಿತ ಕ್ಯಾಂಪ್‌ಗ್ರೌಂಡ್ ಬಿಟ್ಟು ಹೊರಗೆ, ನಲ್ಲಿ, ಶೌಚಾಲಯ, ಮೇಜು ಏನೂ ಇಲ್ಲದ ಕಡೆ ಬಿಡಾರ ಹೂಡುವುದಕ್ಕೆ ‘ಡಿಸ್ಪರ್ಸ್ಡ್ ಕ್ಯಾಂಪಿಂಗ್’ ಎನ್ನುತ್ತಾರೆ. ಫ್ಲಾಗ್‌ಸ್ಟಾಫ್, ಗ್ರ್ಯಾಂಡ್ ಕ್ಯಾನಿಯನ್ ಸುತ್ತಲಿನ ಕೊಕೊನಿನೊ, ಕೈಬಾಬ್ ಎರಡು ಕಾಡುಗಳಲ್ಲೂ ಇದು ಉಚಿತ. ಒಂದು ಸಲಕ್ಕೆ 14 ದಿನಗಳ ಮಿತಿ. ಹಾಗಾಗಿ ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ‘ದುಡ್ಡಿಲ್ಲ’ ಎಂಬುದು ನಿಜ, ‘ಎಲ್ಲಿ ಬೇಕಾದರೂ’ ಎಂಬುದು ಸುಳ್ಳು. ಆ ಸುಳ್ಳಿನಿಂದಲೇ ಜನ ದಂಡ ಕಟ್ಟುತ್ತಾರೆ.

‘ಎಲ್ಲಿ’ ಎಂಬುದನ್ನು ತೀರ್ಮಾನಿಸುವುದು ಒಂದು ನಕ್ಷೆ. ಹೆಸರು ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್. 2005ರಲ್ಲಿ ಫಾರೆಸ್ಟ್ ಸರ್ವಿಸ್ ಹೊಸ ನಿಯಮ ತಂದು, ಯಾವ ರಸ್ತೆಯಲ್ಲಿ ಯಾವ ವಾಹನ ಓಡಬಹುದೆಂದು ಪ್ರತಿಯೊಂದು ಕಾಡೂ ನಕ್ಷೆಯಲ್ಲಿ ತೋರಿಸಬೇಕೆಂದು ವಿಧಿಸಿತು. ಅದರ ಪ್ರಕಾರ, ನಕ್ಷೆಯಲ್ಲಿ ಇಲ್ಲದ ರಸ್ತೆ ಕಣ್ಣೆದುರಿಗೆ ಇದ್ದರೂ ವಾಹನಕ್ಕೆ ಮುಚ್ಚಿದ ರಸ್ತೆಯೇ. ನೋಡಲು ಚೆಂದವಿಲ್ಲದ ಕಪ್ಪು ಬಿಳುಪಿನ ನಕ್ಷೆ ಇದು. ಬೆಟ್ಟ, ಹಳ್ಳ ಏನನ್ನೂ ಸರಿಯಾಗಿ ತೋರಿಸುವುದಿಲ್ಲ. ಆದರೆ ಕಾನೂನು ಇರುವುದು ಇದರಲ್ಲೇ. ಫಾರೆಸ್ಟ್ ಸರ್ವಿಸ್‌ನ ರೇಂಜರ್ ಕಚೇರಿಯಲ್ಲಿ ಕಾಗದದ ಪ್ರತಿ ಬಿಟ್ಟಿಯಾಗಿ ಸಿಗುತ್ತದೆ. ಅವೆನ್ಜಾ ಎಂಬ ಆ್ಯಪ್‌ಗೆ ಇಳಿಸಿಕೊಂಡರೆ ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ನೀವು ಇರುವ ಜಾಗ ನೀಲಿ ಚುಕ್ಕೆಯಾಗಿ ಕಾಣುತ್ತದೆ.

ಆ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ನೋಡಿ. ಕೆಲವು ರಸ್ತೆಗಳ ಗೆರೆಯ ಪಕ್ಕದಲ್ಲಿ ಸಾಲಾಗಿ ಸಣ್ಣ ಚುಕ್ಕೆಗಳಿರುತ್ತವೆ. ಈ ರಸ್ತೆಯಿಂದ ಇಳಿದು, ನಿಗದಿಯಾದ ದೂರದವರೆಗೆ ಕಾರನ್ನು ಒಳಗೆ ಕೊಂಡೊಯ್ದು ಬಿಡಾರ ಹೂಡಬಹುದು ಎಂಬುದು ಆ ಚುಕ್ಕೆಗಳ ಅರ್ಥ. ಕೊಕೊನಿನೊದಲ್ಲಿ ಆ ದೂರ 300 ಅಡಿ. ಚುಕ್ಕೆಯಿಲ್ಲದ ರಸ್ತೆಯಾದರೆ ಕಾರು ರಸ್ತೆಯ ಮಗ್ಗುಲಲ್ಲೇ ನಿಲ್ಲಬೇಕು. ಟೆಂಟನ್ನು ಹೊತ್ತುಕೊಂಡು ಒಳಗೆ ಹೋಗಬಹುದು. ಅಳತೆಗಳು ಕಾಡಿನಿಂದ ಕಾಡಿಗೆ ಬದಲಾಗುತ್ತವೆ, ಅವೆಲ್ಲ ನಕ್ಷೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ದಯವಿಟ್ಟು ಅದನ್ನು ಓದಿ. ನನ್ನ ಜೊತೆ ಬರುವ ಪ್ರತಿ ಕುಟುಂಬದಿಂದಲೂ ಆ ಸಣ್ಣ ಅಕ್ಷರವನ್ನು ಗಟ್ಟಿಯಾಗಿ ಓದಿಸುತ್ತೇನೆ.

ಆ್ಯಪ್‌ಗಳ ಮೇಲೆ ನನಗೆ ದ್ವೇಷವಿಲ್ಲ. ಜಾಗದ ಫೋಟೋ ನೋಡಲು, ರಸ್ತೆ ಎಷ್ಟು ಒರಟು ಎಂದು ತಿಳಿಯಲು ನಾನೂ ಬಳಸುತ್ತೇನೆ. ಆದರೆ ಆ ಗುರುತು ಹಾಕಿದವರು ನಿಮ್ಮ ನಮ್ಮಂಥ ಪ್ರಯಾಣಿಕರು. ಮೂರು ವರ್ಷದ ಹಿಂದೆ ಯಾರೋ ಮಲಗಿದ್ದ ಜಾಗ ಇಂದು ಮುಚ್ಚಿರಬಹುದು. ಸೆಡೋನಾದ ಪಶ್ಚಿಮಕ್ಕೆ ಆದದ್ದೇ ಹಾಗೆ. ಜನ ಹೆಚ್ಚಿ, ಗಿಡ ತುಳಿದು, ಕಸ ಬಿಟ್ಟು ಹೋದದ್ದರಿಂದ ಈಗ ಅಲ್ಲಿ ಗುರುತು ಮಾಡಿದ ಕೆಲವೇ ಕಡೆ ಬಿಡಾರಕ್ಕೆ ಅವಕಾಶ. ಹಳೆಯ ಗುರುತುಗಳು ಮಾತ್ರ ಆ್ಯಪ್‌ಗಳಲ್ಲಿ ಉಳಿದೇ ಇರುತ್ತವೆ. ಕಲ್ಲು ಜೋಡಿಸಿದ ಬೆಂಕಿ ಗುಂಡಿ ಇದ್ದ ಮಾತ್ರಕ್ಕೆ ಅದು ಅನುಮತಿಯಿರುವ ಜಾಗವೆಂದು ನಂಬುವುದೂ ತಪ್ಪು.

ಹೀಗಾಗಿ ನಾನು ಯಾರಿಗೂ ‘ಜಾಗ ಹುಡುಕಿ’ ಎನ್ನುವುದಿಲ್ಲ, ‘ರಸ್ತೆ ಹುಡುಕಿ’ ಎನ್ನುತ್ತೇನೆ. ಒಂದೇ ಜಾಗವನ್ನು ನಂಬಿ ಹೋದರೆ ಅಲ್ಲಿ ಬೇರೆಯವರ ಟೆಂಟ್ ಕಂಡ ಕ್ಷಣ ನಿಮ್ಮ ಯೋಜನೆ ಮುಗಿಯಿತು. ಚುಕ್ಕೆಗಳಿರುವ ನಾಲ್ಕೈದು ಮೈಲಿಯ ರಸ್ತೆಯನ್ನು ಆರಿಸಿಕೊಂಡರೆ ಅಲ್ಲಿ ಹತ್ತಾರು ಜಾಗ ಇರುತ್ತವೆ. ಒಂದು ಹೋದರೆ ಇನ್ನೊಂದು. ನಾನು ಯಾವಾಗಲೂ ಎರಡು ರಸ್ತೆಗಳನ್ನು ಗುರುತು ಹಾಕಿಕೊಂಡು ಹೊರಡುತ್ತೇನೆ.

ಸೆಡಾನ್ ಕಾರಿನವರು ತಿಳಿದಿರಬೇಕಾದ ಒಂದು ಗುಟ್ಟಿದೆ. ಕಾಡಿನ ರಸ್ತೆ ಕೂಡುವಲ್ಲಿ ಸಂಖ್ಯೆಯ ಫಲಕವಿರುತ್ತದೆ. ಸಂಖ್ಯೆಯನ್ನು ಅಡ್ಡಲಾಗಿ ಬರೆದಿದ್ದರೆ ಸಾಮಾನ್ಯ ಕಾರು ಹೋಗುವ ರಸ್ತೆ ಎಂದು ಲೆಕ್ಕ. ಕಂದು ಬಣ್ಣದ ತೆಳು ಕಂಬದ ಮೇಲೆ ಅಂಕಿಗಳು ಒಂದರ ಕೆಳಗೊಂದು ಉದ್ದಕ್ಕೆ ಇಳಿದಿದ್ದರೆ ಅದು ತಳ ನೆಲದಿಂದ ಎತ್ತರದಲ್ಲಿರುವ ವಾಹನಗಳ ರಸ್ತೆ. ಕತ್ತಲಲ್ಲಿ ಆ ಕಂಬ ಕಣ್ಣಿಗೆ ಬೀಳುವುದೇ ಇಲ್ಲ. ಅಂದು ನೀವು ಅದರ ಪಕ್ಕದಲ್ಲೇ ಹಾದುಹೋಗಿರಬಹುದು. ಅಡ್ಡ ಅಂಕಿಯ ರಸ್ತೆಯೂ ಮಳೆ ಬಂದ ಮೇಲೆ ಬೇರೆಯೇ ಆಗುತ್ತದೆ. ಇಲ್ಲಿನ ಮಳೆಗಾಲ ಜುಲೈನಿಂದ ಸೆಪ್ಟೆಂಬರ್. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಜುಲೈ ಮಧ್ಯಾಹ್ನ ಎರಡು ಕುಟುಂಬಗಳೊಂದಿಗೆ ಒಳಗಿದ್ದೆ. ನಲವತ್ತು ನಿಮಿಷ ಸುರಿದ ಮಳೆಗೆ ರಸ್ತೆ ಕುಂಬಾರನ ಮಣ್ಣಿನಂತಾಯಿತು. ಚಕ್ರಕ್ಕೆ ಮೆತ್ತಿಕೊಂಡ ಜೇಡಿ ಮಡ್‌ಗಾರ್ಡ್ ತುಂಬಿ ಚಕ್ರ ತಿರುಗುವುದೇ ನಿಂತುಹೋಯಿತು. ಎಳೆದು ತೆಗೆಯುವ ಟ್ರಕ್ಕು ಬಂದದ್ದು ಮರುದಿನ. ಸಿಕ್ಕಿಬಿದ್ದವುಗಳಲ್ಲಿ ಒಂದು ಬಾಡಿಗೆ ಕಾರು. ಮಣ್ಣು ರಸ್ತೆಗೆ ವಿಮೆ ಅನ್ವಯಿಸುವುದಿಲ್ಲವೆಂದು ಒಪ್ಪಂದದಲ್ಲೇ ಇತ್ತು. ಪೂರ್ತಿ ಖರ್ಚು ಆ ಕುಟುಂಬದ ಮೇಲೆ ಬಿತ್ತು. ನೀವು ಬಾಡಿಗೆಗೆ ದೊಡ್ಡ ಗಾಡಿ ತೆಗೆದುಕೊಳ್ಳುವುದಿದ್ದರೆ ಆ ಸಾಲನ್ನು ಹುಡುಕಿ ಓದಿ.

ಮಧ್ಯಾಹ್ನ ಮೂರು ಗಂಟೆಯೊಳಗೆ ಆ ರಸ್ತೆಯಲ್ಲಿರಿ. ಫೀನಿಕ್ಸ್ ಕಡೆಯವರು ಶುಕ್ರವಾರ ಕೆಲಸ ಮುಗಿಸಿ ಹೊರಡುತ್ತಾರೆ, ಏಳು ಎಂಟಕ್ಕೆ ಕಾಡಿಗೆ ಇಳಿಯುತ್ತಾರೆ. ಅಷ್ಟರಲ್ಲಿ ಒಳ್ಳೆಯ ಜಾಗಗಳು ಹೋಗಿರುತ್ತವೆ, ಬೆಳಕೂ ಹೋಗಿರುತ್ತದೆ. ಸಾಧ್ಯವಾದರೆ ಗುರುವಾರ ಹೋಗಿ.

ಹಗಲಿನಲ್ಲಿ ಹೋದರೆ ಜಾಗವನ್ನು ಕಣ್ಣೇ ಆರಿಸುತ್ತದೆ. ಮೊದಲೇ ಜನ ಬಳಸಿ ನೆಲ ಗಟ್ಟಿಯಾದ, ಹುಲ್ಲಿಲ್ಲದ ಜಾಗವೇ ಒಳ್ಳೆಯದು. ಹೊಸದಾಗಿ ಹುಲ್ಲು ತುಳಿದು ಜಾಗ ಮಾಡಿದರೆ ಆ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ. ಮೊದಲು ಕಾರಿನಿಂದಿಳಿದು ನಡೆದು ಹೋಗಿ ನೋಡಿ, ಆಮೇಲೆ ಕಾರು ತನ್ನಿ. ನೀರಿನ ಬಾಟಲಿಯನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಎತ್ತ ಉರುಳುತ್ತದೆ ನೋಡಿ. ತಲೆ ಅದರ ಎದುರು ದಿಕ್ಕಿಗೆ ಬರಬೇಕು. ಆಮೇಲೆ ತಲೆ ಎತ್ತಿ ನೋಡಿ. ಪಾಂಡೆರೋಸಾ ಪೈನ್ ಮರದ ಒಣಗಿದ ಕೊಂಬೆ ಗಾಳಿಗೆ ಮುರಿದು ಬೀಳುವುದು ಈ ಕಾಡಿನ ನಿಜವಾದ ಅಪಾಯಗಳಲ್ಲಿ ಒಂದು. ತೊಗಟೆ ಕಳಚಿ ಬೂದಿ ಬಣ್ಣಕ್ಕೆ ತಿರುಗಿದ ಮರದ ಕೆಳಗೆ ಎಷ್ಟೇ ಸಮತಟ್ಟಾಗಿದ್ದರೂ ಟೆಂಟ್ ಬೇಡ. ಮರಳು ಹರಡಿದ ಒಣ ಹಳ್ಳದ ಪಾತ್ರ ಹಾಸಿಗೆಯಂತೆ ಮೆತ್ತಗಿರುತ್ತದೆ, ಅಲ್ಲಿಯೂ ಬೇಡ; ಹತ್ತು ಮೈಲಿ ಆಚೆ ಬಿದ್ದ ಮಳೆ ಅಲ್ಲಿಗೆ ಬರುತ್ತದೆ. ದನ, ಕಾಡುಪ್ರಾಣಿಗಳು ನೀರು ಕುಡಿಯುವ ಕೊಳ ಅಥವಾ ತೊಟ್ಟಿಗೆ ಅವು ಬರಲಾಗದಂತೆ ಅಡ್ಡವಾಗಿ ಕಾಲು ಮೈಲಿಯೊಳಗೆ ಬಿಡಾರ ಹೂಡುವುದನ್ನು ಅರಿಜೋನಾ ರಾಜ್ಯದ ಕಾನೂನೇ ನಿಷೇಧಿಸಿದೆ.

ಬೆಂಕಿಯ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. 2010ರ ಜೂನ್‌ನಲ್ಲಿ ಫ್ಲಾಗ್‌ಸ್ಟಾಫ್‌ನ ಮೇಲಿನ ಬೆಟ್ಟದಲ್ಲಿ ಯಾರೋ ಪೂರ್ತಿ ಆರಿಸದೆ ಬಿಟ್ಟು ಹೋದ ಕ್ಯಾಂಪ್ ಬೆಂಕಿಯಿಂದ ಷುಲ್ಟ್ಜ್ ಕಾಳ್ಗಿಚ್ಚು ಎದ್ದಿತು. ಸುಮಾರು 15,000 ಎಕರೆ ಸುಟ್ಟಿತು. ಅಷ್ಟಕ್ಕೇ ಮುಗಿಯಲಿಲ್ಲ. ಸುಟ್ಟ ಇಳಿಜಾರು ನೀರು ಹಿಡಿಯದೆ, ಮುಂದಿನ ತಿಂಗಳ ಮಳೆಗೆ ಕೆಳಗಿನ ಮನೆಗಳ ಮೇಲೆ ಪ್ರವಾಹ ನುಗ್ಗಿ ಹನ್ನೆರಡು ವರ್ಷದ ಹುಡುಗಿ ತೀರಿಕೊಂಡಳು. ಮರುವರ್ಷ ರಾಜ್ಯದ ಪೂರ್ವದಲ್ಲಿ ವಾಲೋ ಕಾಳ್ಗಿಚ್ಚು 5,38,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಅದರ ಮೂಲವೂ ಒಂದು ಕ್ಯಾಂಪ್ ಬೆಂಕಿಯೇ. ನೀವು ಹೋಗುವ ಜೂನ್ ತಿಂಗಳು ಮಳೆಗೆ ಮುಂಚಿನ ಅತಿ ಒಣ ಕಾಲ. ಆಗ ಇಲಾಖೆ ಹಂತ ಹಂತವಾಗಿ ಬೆಂಕಿ ನಿರ್ಬಂಧ ಹೇರುತ್ತದೆ. ಮೊದಲ ಹಂತದ ನಿರ್ಬಂಧ ಬಂದರೆ ರಸ್ತೆಬದಿಯ ಬಿಡಾರದಲ್ಲಿ ಸೌದೆ, ಇದ್ದಿಲು ಹೊತ್ತಿಸುವಂತಿಲ್ಲ. ಎರಡನೆಯ ಹಂತದಲ್ಲಿ ಕ್ಯಾಂಪ್‌ಗ್ರೌಂಡ್‌ನಲ್ಲೂ ಇಲ್ಲ. ಎರಡೂ ಹಂತಗಳಲ್ಲಿ ಸಾಮಾನ್ಯವಾಗಿ ತಿರುಗಣೆಯಿಂದ ಆರಿಸಬಹುದಾದ ಗ್ಯಾಸ್ ಒಲೆಗೆ ಅವಕಾಶವಿರುತ್ತದೆ. ಅದರಲ್ಲಿ ಉಪ್ಪಿಟ್ಟು, ಅನ್ನ ಸಾರು, ಬೆಳಗಿನ ಕಾಫಿ ಎಲ್ಲವೂ ಆಗುತ್ತದೆ. ಇನ್ನೂ ಒಣಗಿದರೆ ಕಾಡನ್ನೇ ಮುಚ್ಚುತ್ತಾರೆ. ಆದ್ದರಿಂದ ಹೊರಡುವ ಹಿಂದಿನ ದಿನ ರೇಂಜರ್ ಕಚೇರಿಗೆ ಫೋನ್ ಮಾಡಿ, ‘ಬೆಂಕಿ ನಿರ್ಬಂಧ ಯಾವ ಹಂತದಲ್ಲಿದೆ, ಇಂಥ ಸಂಖ್ಯೆಯ ರಸ್ತೆ ತೆರೆದಿದೆಯೇ’ ಎಂದು ಕೇಳಿ. ನಿರ್ಬಂಧವಿಲ್ಲದ ಕಾಲದಲ್ಲಿ ಬೆಂಕಿ ಹಾಕಿದರೂ ನೀರು ಸುರಿದು, ಕೋಲಿನಿಂದ ಕಲಸಿ, ಮತ್ತೆ ಸುರಿದು, ಅಂಗೈಯ ಹಿಂಭಾಗ ಬೂದಿಯ ಹತ್ತಿರ ಹಿಡಿದು ನೋಡಬೇಕು. ಬಿಸಿ ತಗುಲಿದರೆ ಅದು ಇನ್ನೂ ಬೆಂಕಿಯೇ.

ಇನ್ನು ಮನುಷ್ಯರ ಭಯ. ನಮ್ಮ ಬಣ್ಣ, ನಮ್ಮ ಮಾತು ನೋಡಿ ಯಾರಾದರೂ ತಕರಾರು ತೆಗೆದರೆ ಎಂಬ ಪ್ರಶ್ನೆಯನ್ನು ನೀವು ನೇರವಾಗಿ ಬರೆದಿಲ್ಲ, ಆದರೆ ‘ನಮ್ಮಂಥವರಿಗೆ’ ಎಂಬ ಪದದಲ್ಲಿ ಅದು ಇದೆ. ನನಗೂ ಮೊದಲು ಇತ್ತು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ನೆರೆಯವರು ಹೆಚ್ಚಾಗಿ ಕೈಬೀಸಿ ತಮ್ಮ ಪಾಡಿಗೆ ತಾವಿದ್ದವರು. ಕಿರಿಕಿರಿ ಅನ್ನಿಸಿದ್ದೂ ಉಂಟು: ಜೋರು ಸಂಗೀತ, ಹತ್ತಿರದಲ್ಲೇ ಗುರಿ ಅಭ್ಯಾಸ. ಬಿಡಾರ, ಮನೆಗಳಿಂದ 150 ಗಜದೊಳಗೆ ಗುಂಡು ಹಾರಿಸುವುದು ನಿಯಮಬಾಹಿರ, ಆದರೂ ಅಂಥವರೊಂದಿಗೆ ವಾದಕ್ಕೆ ನಿಲ್ಲಬೇಡಿ. ಜಾಗ ಬದಲಿಸಿ. ಮನಸ್ಸು ಒಪ್ಪದ ಜಾಗ ಬಿಟ್ಟು ಬರಲು ಕಾರಣ ಬೇಕಿಲ್ಲ. ಅದಕ್ಕಾಗಿಯೇ ಕಾರಿನ ಮುಖವನ್ನು ಹೊರದಾರಿಯ ಕಡೆ ಮಾಡಿ ನಿಲ್ಲಿಸಿ. ಸಮವಸ್ತ್ರದ ಅಧಿಕಾರಿ ಬಂದರೆ ಅದು ವಾಡಿಕೆಯ ಸುತ್ತು. ಬೆಂಕಿ ಇದೆಯೇ, ಎಷ್ಟು ದಿನ ಇರುತ್ತೀರಿ ಎಂದು ಕೇಳುತ್ತಾರೆ.

ದಂಡದ ಬಗ್ಗೆ ಸುಮ್ಮನೆ ಧೈರ್ಯ ಹೇಳುವುದಿಲ್ಲ. ಇದು ಕೇಂದ್ರ ಸರ್ಕಾರದ ಭೂಮಿ. ಮುಚ್ಚಿದ ರಸ್ತೆಗೆ ವಾಹನ ನುಗ್ಗಿಸುವುದು, ನಿರ್ಬಂಧದಲ್ಲಿ ಬೆಂಕಿ ಹಾಕುವುದು ಕಾನೂನಿನಲ್ಲಿ ಸಣ್ಣ ಅಪರಾಧವೆನಿಸಿದರೂ 5,000 ಡಾಲರ್‌ವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು ವಿಧಿಸಲು ಅವಕಾಶವಿದೆ. ವೀಸಾದಲ್ಲಿರುವವರು ದಂಡದ ಚೀಟಿ ಸಿಕ್ಕರೆ ಅದನ್ನು ಪಾರ್ಕಿಂಗ್ ದಂಡದಂತೆ ಕಟ್ಟಿ ಮರೆಯಬೇಡಿ, ವಲಸೆ ವಕೀಲರನ್ನು ಕೇಳಿದ ಮೇಲೆಯೇ ಮುಂದುವರಿಯಿರಿ. ನಕ್ಷೆ ನೋಡಿ ನಡೆದರೆ ಆ ಪ್ರಸಂಗ ಬರುವುದು ವಿರಳ.

ಕಾಡಿನ ಭಯವನ್ನು ನಾನು ಪ್ರಾಣಿಗಳಿಂದ ಶುರುಮಾಡುವುದಿಲ್ಲ. ಕಪ್ಪು ಕರಡಿ ಇದೆ, ಅದಕ್ಕಿಂತ ದೊಡ್ಡದಾದ ಗ್ರಿಜ್ಲಿ ಕರಡಿ ಇಲ್ಲ. ತಿಂಡಿಯನ್ನೂ ಟೂತ್‌ಪೇಸ್ಟನ್ನೂ ಟೆಂಟಿನಲ್ಲಿಡದೆ ಕಾರಿನೊಳಗಿಟ್ಟು ಬೀಗ ಹಾಕಿದರೆ ಬಹುಪಾಲು ತೊಂದರೆ ತಪ್ಪುತ್ತದೆ. ನಿಮ್ಮ ಮನೆಯವರಿಗೆ ಹೆಚ್ಚು ಕಾಡುವುದು ಎತ್ತರ, ಚಳಿ, ನೀರು. ಚಾಂಡ್ಲರ್‌ನಲ್ಲಿ 40 ಡಿಗ್ರಿ ಬಿಸಿಲು ಬಿಟ್ಟು ಹೊರಟವರು ಸುಮಾರು 7,000 ಅಡಿ ಎತ್ತರದಲ್ಲಿ ಮಲಗುತ್ತೀರಿ. ಜೂನ್‌ನಲ್ಲೂ ಬೆಳಗಿನ ಜಾವ 5 ಡಿಗ್ರಿಗೆ ಇಳಿಯುತ್ತದೆ. ಅತ್ತೆಯವರ ಶಾಲು ಸಾಲದು, ಉಣ್ಣೆ ಟೋಪಿ ಬೇಕು, ನೆಲದ ತಣ್ಣನೆ ತಡೆಯುವ ದಪ್ಪ ಹಾಸು ಬೇಕು. ಬಿಪಿ, ಉಸಿರಾಟದ ತೊಂದರೆಯಿದ್ದರೆ ವೈದ್ಯರನ್ನು ಮೊದಲೇ ಕೇಳಿ. ನೀರು ಒಂದು ಹನಿಯೂ ಅಲ್ಲಿ ಸಿಗುವುದಿಲ್ಲ. ತಲೆಗೆ ದಿನಕ್ಕೊಂದು ಗ್ಯಾಲನ್ ಎನ್ನುವುದು ಸಾಮಾನ್ಯ ಲೆಕ್ಕ. ಅನ್ನ ಸಾರು ಮಾಡಿ ಪಾತ್ರೆ ತೊಳೆಯುವ ನಮಗೆ ಅದು ಸಾಲದು. ಐದು ಜನ, ಎರಡು ರಾತ್ರಿಗೆ ನಾನು 15 ಗ್ಯಾಲನ್ ಒಯ್ಯುತ್ತೇನೆ.

ಶೌಚದ ಮಾತನ್ನು ಜನ ಸಂಕೋಚದಿಂದ ಕೊನೆಗೆ ಕೇಳುತ್ತಾರೆ, ಕಷ್ಟಪಡುವುದು ಮಾತ್ರ ಮೊದಲು ಅದರಲ್ಲೇ. ಬಿಡಾರ, ದಾರಿ, ನೀರಿನಿಂದ 200 ಅಡಿ, ಎಂದರೆ ಸುಮಾರು 70 ಹೆಜ್ಜೆ ದೂರದಲ್ಲಿ, ಸಣ್ಣ ಸಲಿಕೆಯಿಂದ 6ರಿಂದ 8 ಅಂಗುಲ ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಬೇಕು. ಕಾಗದ ಬಳಸಿದರೆ ಚೀಲದಲ್ಲಿ ವಾಪಸ್ಸು ತರಬೇಕು. ಚೊಂಬು ಹಿಡಿದು ಹೋಗುವ ನಮ್ಮ ಅಭ್ಯಾಸ ಇಲ್ಲಿ ತುಂಬ ಅನುಕೂಲ. ಫ್ಲಾಗ್‌ಸ್ಟಾಫ್ ಸುತ್ತ ಜ್ವಾಲಾಮುಖಿ ಕಲ್ಲಿನ ನೆಲ, ಎಲ್ಲ ಕಡೆ ತೋಡಲಾಗುವುದಿಲ್ಲ. ಮಂಡಿ ನೋವಿರುವ ಹಿರಿಯರಿಗೆ ಮಡಚುವ ಶೌಚಾಸನ, ಅದರೊಳಗೆ ದ್ರವವನ್ನು ಗಟ್ಟಿಮಾಡುವ ಪುಡಿಯಿರುವ ಚೀಲ, ಸುತ್ತ ಮರೆಗೆ ಒಂದು ಸಣ್ಣ ಟೆಂಟ್ ಸಿಗುತ್ತವೆ. ಮನೆಯ ಹಿತ್ತಿಲಲ್ಲಿ ಒಂದು ಸಲ ಎಲ್ಲವನ್ನೂ ಹೂಡಿ ತೋರಿಸಿ. ಆಗ ಹಿರಿಯರ ಮುಜುಗರ ಅರ್ಧ ಕಡಿಮೆಯಾಗುತ್ತದೆ.

ಹಾಗಾದರೆ ನೀವು ಏನು ಮಾಡಬೇಕು? ನಿಮ್ಮ ಮನೆಯವಳೇ ಎಂದುಕೊಂಡು ಹೇಳುತ್ತೇನೆ: ಅತ್ತೆ ಮಾವನವರ ಜೊತೆ ಮೊದಲ ಸಲಕ್ಕೇ ರಸ್ತೆಬದಿಯ ಬಿಡಾರ ಬೇಡ. ಪಾರ್ಕಿನ ದಕ್ಷಿಣ ದ್ವಾರದ ಹೊರಗೆ ಟುಸಾಯನ್ ಎಂಬ ಸಣ್ಣ ಊರಿದೆ. ಅದರ ಹತ್ತಿರ ಕೈಬಾಬ್ ಕಾಡಿನದೇ ಆದ ಟೆನ್-ಎಕ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಶೌಚಾಲಯ, ಮೇಜು ಇವೆ, ಮುಂಗಡ ಕಾದಿರಿಸಬೇಕು. ಪಾರ್ಕಿನೊಳಗೆ ಸಿಗದ ಎಷ್ಟೋ ಜನ ಇಲ್ಲಿ ಪ್ರಯತ್ನಿಸುವುದೇ ಇಲ್ಲ. ಯಾರಾದರೂ ರದ್ದು ಮಾಡಿದ ಜಾಗಗಳು ವಾರದ ಮಧ್ಯದಲ್ಲಿ ತೆರೆದುಕೊಳ್ಳುವುದನ್ನು ಬಹಳ ಸಲ ಕಂಡಿದ್ದೇನೆ, ದಿನವೂ ನೋಡುತ್ತಿರಿ.

ನೀವು ಮೂವರೇ ಇನ್ನೊಮ್ಮೆ ಪ್ರಯತ್ನಿಸುವುದಾದರೆ ಟುಸಾಯನ್‌ನ ಪೂರ್ವಕ್ಕಿರುವ 302ನೆಯ ಸಂಖ್ಯೆಯ ಕಾಡು ರಸ್ತೆ ಹೆಸರಾದದ್ದು. ಕ್ಯಾನಿಯನ್ ಅಂಚು ಹತ್ತಿರ, ಪೇಟೆ ಹತ್ತಿರ. ಅದಕ್ಕೇ ಜನವೂ ಹೆಚ್ಚು. ಹಗಲಿನಲ್ಲಿ ಪ್ರವಾಸಿ ಹೆಲಿಕಾಪ್ಟರ್‌ಗಳ ಸದ್ದೂ ಇರುತ್ತದೆ. ಉತ್ತರಕ್ಕೆ ಹೆಚ್ಚು ಹೋದರೆ ಪಾರ್ಕಿನ ಗಡಿ ಬರುತ್ತದೆ, ಅದರಾಚೆ ಹೀಗೆ ಮಲಗುವಂತಿಲ್ಲ. ಒಂಟಿ ಜಾಗಕ್ಕೆ ಹೆದರುವವರಿಗೆ ಈ ಜನಸಂದಣಿಯೇ ಅನುಕೂಲ. ಇನ್ನೊಂದು ದಾರಿ, ಫ್ಲಾಗ್‌ಸ್ಟಾಫ್‌ನ ಮೇಲಿರುವ 522ನೆಯ ಫ್ರೀಡ್ಲೈನ್ ಪ್ರೇರಿ ರಸ್ತೆ. ಅಲ್ಲಿ ಬಿಡಾರದ ಜಾಗಗಳನ್ನು ಇಲಾಖೆಯೇ ಗುರುತು ಮಾಡಿರುವುದರಿಂದ ‘ಇದು ಸರಿಯಾದ ಜಾಗವೇ’ ಎಂಬ ಅನುಮಾನ ಇರುವುದಿಲ್ಲ. ಆದರೆ ಜಾಗಗಳು ಕಡಿಮೆ, ಬೇಗ ತುಂಬುತ್ತವೆ, ಒಳಗೆ ಹೋದಂತೆ ರಸ್ತೆ ಒರಟಾಗುತ್ತದೆ. ಸೆಡಾನ್‌ನಲ್ಲಿ ಮೊದಲ ಕೆಲವು ಜಾಗಗಳು ಸಿಗದಿದ್ದರೆ ಮುಂದೆ ಹೋಗದೆ ತಿರುಗಿ ಬನ್ನಿ.

ಯಾವ ದಾರಿ ಹಿಡಿದರೂ ರಸ್ತೆಯ ಸಂಖ್ಯೆಯನ್ನೂ, ಡಾಂಬರು ಬಿಟ್ಟಲ್ಲಿಂದ ಎಷ್ಟು ಮೈಲಿ ಒಳಗಿದ್ದೀರಿ ಎಂಬುದನ್ನೂ ಕಾಗದದ ಮೇಲೆ ಬರೆದು ಕಾರಿನ ಡ್ಯಾಶ್‌ಬೋರ್ಡ್ ಮೇಲಿಡಿ. ಅದನ್ನೇ ಸಿಗ್ನಲ್ ಇರುವಾಗಲೇ ಊರಿನಲ್ಲಿರುವ ಒಬ್ಬರಿಗೆ ಕಳುಹಿಸಿ. ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದಾಗ ಆಪರೇಟರ್ ಮೊದಲು ಕೇಳುವುದು ಎಲ್ಲಿದ್ದೀರಿ ಎಂದೇ. ‘ಫ್ಲಾಗ್‌ಸ್ಟಾಫ್ ಹತ್ತಿರದ ಕಾಡು’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಮಗಳಿಗೆ ಹೇಳಿ: ಕತ್ತಲಾದ ಮೇಲೆ ಒಮ್ಮೆಗೇ ಹತ್ತಾರು ನಾಯಿಮರಿಗಳು ಅತ್ತ ಹಾಗೆ ಕೇಳಿದರೆ ಅದು ಕಯೋಟಿ, ನಮ್ಮ ನರಿಯ ದೂರದ ನೆಂಟ. ಎರಡು ಮೂರೇ ಇದ್ದರೂ ಹತ್ತಿದ್ದಂತೆ ಕೇಳಿಸುತ್ತದೆ. ಅದಾದ ಮೇಲೆ ಗಂಭೀರವಾಗಿ, ಬಿಟ್ಟು ಬಿಟ್ಟು, ಹೂ ಹೂ ಎನ್ನುವುದು ದೊಡ್ಡ ಗೂಬೆ. ಬೆಳಗಿನ ಜಾವ ಟೆಂಟಿನ ಪಕ್ಕದಲ್ಲೇ ಯಾರೋ ಭಾರವಾಗಿ ನಡೆದು ಹುಲ್ಲು ಕಿತ್ತ ಸದ್ದಾದರೆ ಎಲ್ಕ್ ಎಂಬ ದೊಡ್ಡ ಜಿಂಕೆ ಇರಬಹುದು, ಅಥವಾ ದನವೇ ಇರಬಹುದು. ಜಿಪ್ ತೆರೆಯದೆ, ಮಾತಾಡದೆ ಮಲಗಿ ಕೇಳಲಿ. ಬೆಳಕಾದ ಮೇಲೆ ಹೊರಗೆ ಬಂದು ಮಣ್ಣಿನಲ್ಲಿ ಗೊರಸಿನ ಗುರುತು ನೋಡಿದರೆ ಬಂದದ್ದು ಯಾರೆಂದು ಅವಳಿಗೇ ಗೊತ್ತಾಗುತ್ತದೆ.